ಚುಕ್ಕಿಗಳಲ್ಲಿ ಬಿದ್ದ ಪಟ್ಟಣ

ಮೈಸೂರಿನ ದಟ್ಟಗಳ್ಳಿಯಿಂದ ಹೊರಟರೆ ಗಂಟೆಯೊಳಗೆ ಶ್ರೀರಂಗಪಟ್ಟಣದ ಒಡೆದ ಕೋಟೆಗೋಡೆ ಸಿಗುತ್ತದೆ. 1799ರ ಮೇ 4ರಂದು ಬ್ರಿಟಿಷ್ ಸೇನೆ ಅಲ್ಲಿ ಟಿಪ್ಪುವಿನ ಕೋಟೆಗೆ ನುಗ್ಗಿದ್ದನ್ನು ತಾಮ್ರದ ತಗಡಿನ ಮೇಲೆ ಕೆತ್ತಿದ ಜೊವಾನಿ ವೆಂಡ್ರಾಮಿನಿ ಈ ಊರನ್ನು ಕಂಡವನಲ್ಲ. ಮೂಲ ಚಿತ್ರ ಬರೆದ ರಾಬರ್ಟ್ ಕೆರ್ ಪೋರ್ಟರನೂ ಕಂಡಿರಲಿಲ್ಲ. ಇಪ್ಪತ್ತರ ಹರೆಯದ ಪೋರ್ಟರ್ 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಆ ಭಾರೀ ಪನೋರಮಾ ಪ್ರದರ್ಶಿಸಿದ. ಅದು ಮುಂದೆ ಬೆಂಕಿಗೆ ಆಹುತಿಯಾಯಿತು. ನಮಗೆ ಉಳಿದಿರುವುದು ವೆಂಡ್ರಾಮಿನಿಯ ಮುದ್ರಣಗಳು. ಆದರೂ ಆ ಚಿತ್ರ ಪುಸ್ತಕಗಳಲ್ಲಿ ಅಚ್ಚಾದಾಗ ಎಷ್ಟೋ ಸಲ ಪೋರ್ಟರನ ಹೆಸರು ಮಾತ್ರ ಇರುತ್ತದೆ. ಇದು ಅನ್ಯಾಯ.

ವೆಂಡ್ರಾಮಿನಿ 1769ರಲ್ಲಿ ಇಟಲಿಯ ಬಸಾನೊ ಬಳಿ ಹುಟ್ಟಿದವ. ಲಂಡನ್ನಿನಲ್ಲಿ ಬಾರ್ಟೊಲೊಜ್ಜಿಯ ಬಳಿ ಚುಕ್ಕಿ ಕೆತ್ತನೆ ಕಲಿತ. ಗೆರೆ ಎಳೆಯದೆ, ಸೂಕ್ಷ್ಮ ಚುಕ್ಕಿಗಳನ್ನು ಒತ್ತಾಗಿಯೋ ವಿರಳವಾಗಿಯೋ ಇಟ್ಟು ನೆರಳು ತರುವ ವಿದ್ಯೆ ಅದು. ಕೆನ್ನೆ, ತುಟಿ, ಬಟ್ಟೆಯ ಮಡಿಕೆಗಳಿಗೆ ಹೇಳಿ ಮಾಡಿಸಿದ್ದು. ವೀಟ್ಲಿ ಚಿತ್ರಿಸಿದ ಲಂಡನ್ ಬೀದಿ ವ್ಯಾಪಾರಿಗಳ ಮಾಲಿಕೆಯ ಕೆಲವು ಫಲಕಗಳನ್ನು ಕೆತ್ತಿದ್ದೂ ಇದೇ ಕೈ. ಆ ಕೈಗೆ ಕೋಟೆ, ಹೊಗೆ, ಹೆಣಗಳ ರಾಶಿ ಒಪ್ಪಿಸಿದಾಗ ಏನಾದೀತು?

ಮುಖಗಳು ಗೆದ್ದವು, ಊರು ಸೋತಿತು. ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಮತ್ತು ಜೊತೆಗಾರ ಅಧಿಕಾರಿಗಳು ಒಬ್ಬೊಬ್ಬರೂ ಗುರುತು ಹಿಡಿಯಬಹುದಾದ ವ್ಯಕ್ತಿಗಳು. ಎದುರು ನಿಂತ ಮೈಸೂರಿನ ಸೈನಿಕರಿಗೆ ಅಂಥ ಮುಖಗಳಿಲ್ಲ, ಅವರು ಬರಿಯ ಗುಂಪು. ಮೇ ತಿಂಗಳ ಮಧ್ಯಾಹ್ನದ ಉರಿಬಿಸಿಲು ಅಲ್ಲಿ ಇಲ್ಲವೇ ಇಲ್ಲ. ನಯವಾದ ಚುಕ್ಕಿಗಳು ಸಾವನ್ನೂ ನಾಟಕದ ದೃಶ್ಯದಂತೆ ಮೃದುಗೊಳಿಸಿವೆ. ಈ ಪಕ್ಷಪಾತದಲ್ಲಿ ಪೋರ್ಟರನ ಪಾಲು ದೊಡ್ಡದು, ನಿಜ. ಆದರೆ ಅದನ್ನು ಮನಸ್ಸಿಗೆ ಹಿಡಿಸುವಂತೆ ಮಾಡಿದ್ದು ಕೆತ್ತನೆಗಾರನ ಕುಶಲತೆ.

ಇದೇ ಊರಿನಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವೂ ಗೆದ್ದವರದೇ. ಅಲ್ಲಿ ಹೈದರ್, ಟಿಪ್ಪು ನಿರಾಳ, ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷ್ ದಳಪತಿ ಬೇಲಿ ಕಂಗಾಲು. ಆದರೆ ಆ ಚಿತ್ರಕಾರ ಕಣ್ಣಿಗೆ ಕಂಡಂತೆ ಬರೆಯುತ್ತಿದ್ದೇನೆಂಬ ಭ್ರಮೆ ಹುಟ್ಟಿಸುವುದಿಲ್ಲ. ಸಾಲುಸಾಲು ಕುದುರೆಗಳನ್ನು ನೇರವಾಗಿ ಜೋಡಿಸಿ ತನ್ನ ಕಥೆ ಹೇಳುತ್ತಾನೆ. ನನಗೆ ಆ ಗೋಡೆಯೇ ಹೆಚ್ಚು ಪ್ರಾಮಾಣಿಕ.

1805ರಲ್ಲಿ ರಷ್ಯಾಕ್ಕೆ ಹೋದ ವೆಂಡ್ರಾಮಿನಿಗೆ, ಅವನ ಕೆಲಸ ಮೆಚ್ಚಿದ ಚಕ್ರವರ್ತಿ ಹಿಂದಿರುಗಲು ಪರವಾನಗಿ ಕೊಡಲಿಲ್ಲವಂತೆ. ವೇಷ ಮರೆಸಿಕೊಂಡು ತಪ್ಪಿಸಿಕೊಂಡು ಬಂದ. 1839ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನ ಶ್ರೀರಂಗಪಟ್ಟಣವನ್ನು ಮತ್ತೆ ಅಚ್ಚು ಹಾಕುವವರು ಪೋರ್ಟರನ ಪಕ್ಕದಲ್ಲಿ ಅವನ ಹೆಸರನ್ನೂ, ಇಬ್ಬರೂ ಈ ಊರನ್ನು ನೋಡಿರಲಿಲ್ಲ ಎಂಬ ಒಂದು ಸಾಲನ್ನೂ ಸೇರಿಸಲಿ.