ಕೊಲ್ಲದಿರುವುದಷ್ಟೇ ಸಾಕೆ?

ಕಾಮಿಕ್ಸ್ ಪುಟಗಳಿಂದ ತೆರೆಗೆ ಬರುವ ಅತಿಮಾನವ ವೀರರಿಗೆ ಸಾಮಾನ್ಯವಾಗಿ ದಣಿವೆಂಬುದಿಲ್ಲ. ಅವರ ಹೊಡೆತಕ್ಕೆ ಸಿಕ್ಕವರ ನೋವಿಗೆ ಲೆಕ್ಕವೂ ಇಲ್ಲ. 2015ರ ಏಪ್ರಿಲ್ 10ರಂದು ನೆಟ್‌ಫ್ಲಿಕ್ಸ್ ಸಂಸ್ಥೆಯು 13 ಕಂತುಗಳನ್ನು ಒಮ್ಮೆಗೇ ಬಿಡುಗಡೆ ಮಾಡಿದ ‘ಡೇರ್‌ಡೆವಿಲ್’ ಧಾರಾವಾಹಿಯು ಈ ರೂಢಿಯನ್ನು ಮುರಿಯಲು ಹೊರಟಿದೆ. ಅದರ ಬಲವೂ ದೌರ್ಬಲ್ಯವೂ ಮೊದಲ ಎರಡು ಕಂತುಗಳಲ್ಲಿಯೇ ಗೋಚರಿಸುತ್ತವೆ.

ಸ್ಟ್ಯಾನ್ ಲೀ ಮತ್ತು ಬಿಲ್ ಎವರೆಟ್ 1964ರಲ್ಲಿ ಸೃಷ್ಟಿಸಿದ ಪಾತ್ರವಿದು. ಬಾಲ್ಯದ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡ ಮ್ಯಾಟ್ ಮರ್ಡಾಕ್‌ಗೆ ಉಳಿದ ಇಂದ್ರಿಯಗಳು ಅಸಾಧಾರಣವಾಗಿ ಚುರುಕಾಗಿವೆ. ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬಡಾವಣೆಯಲ್ಲಿ ಆತ ಹಗಲು ವಕೀಲ, ರಾತ್ರಿ ಮುಸುಕುಧಾರಿ. 2012ರ ‘ದಿ ಅವೆಂಜರ್ಸ್’ ಚಲನಚಿತ್ರದ ಮಹಾಯುದ್ಧದಲ್ಲಿ ಹಾಳಾದ ನಗರ ಇದೇ. ಅಲ್ಲಿ ಕಟ್ಟಡಗಳು ಉರುಳಿದ್ದನ್ನು ವೈಭವದಿಂದ ತೋರಿಸಲಾಗಿತ್ತು. ಇಲ್ಲಿ ಆ ಅವಶೇಷಗಳ ನಡುವೆ ಬದುಕುವವರ ಕಥೆ ಆರಂಭವಾಗುತ್ತದೆ.

ಮೊದಲ ಕಂತಿನಲ್ಲಿ ಮ್ಯಾಟ್ ಚರ್ಚಿನ ಪಾದ್ರಿಯ ಮುಂದೆ ಕುಳಿತು ಕ್ಷಮೆ ಯಾಚಿಸುತ್ತಾನೆ. ಆದರೆ ಮಾಡಿದ ತಪ್ಪಿಗಲ್ಲ, ಮಾಡಲಿರುವುದಕ್ಕೆ! ಪಶ್ಚಾತ್ತಾಪವನ್ನೇ ಮುಂಗಡ ಪರವಾನಗಿಯನ್ನಾಗಿ ಮಾಡಿಕೊಳ್ಳುವ ಈ ಮನಃಸ್ಥಿತಿಯೇ ಕಥೆಯ ತಿರುಳು. ಚಾರ್ಲಿ ಕಾಕ್ಸ್ ಅದನ್ನು ಅಬ್ಬರವಿಲ್ಲದ, ತಗ್ಗಿದ ದನಿಯಲ್ಲಿ ಅಭಿನಯಿಸಿದ್ದಾರೆ.

ಎರಡನೆಯ ಕಂತಿನ ಎರಡು ದೃಶ್ಯಗಳನ್ನು ಹೋಲಿಸಿ ನೋಡಬೇಕು. ಅಪಹೃತ ಬಾಲಕನನ್ನು ಬಿಡಿಸಲು ಮ್ಯಾಟ್ ಇಕ್ಕಟ್ಟಾದ ಓಣಿಯಂಥ ಪಡಸಾಲೆಯಲ್ಲಿ ಹಲವರೊಡನೆ ಹೋರಾಡುತ್ತಾನೆ. ಕ್ಯಾಮೆರಾ ಕತ್ತರಿಸದೆ ಒಂದೇ ಓಟದಲ್ಲಿ ಸೆರೆಹಿಡಿದಂತೆ ಕಾಣುವ, ಸುಮಾರು ಮೂರು ನಿಮಿಷಗಳ ಈ ದೃಶ್ಯದಲ್ಲಿ ಆತ ಏದುಸಿರು ಬಿಡುತ್ತಾನೆ, ಗೋಡೆಗೆ ಒರಗುತ್ತಾನೆ. ಬಿದ್ದವರು ಮತ್ತೆ ಏಳುತ್ತಾರೆ. ಹಿಂಸೆ ಇಲ್ಲಿ ಆಟವಲ್ಲ, ಇಬ್ಬದಿಯ ದೇಹಗಳನ್ನೂ ಸವೆಸುವ ಕ್ರಿಯೆ. ಕೊನೆಗೆ ಮಗುವನ್ನೆತ್ತಿಕೊಂಡು ಹೊರನಡೆಯುವಾಗ ವಿಜಯದ ಬಿಂಕವಿಲ್ಲ.

ಇದಕ್ಕೆ ಮುಂಚೆ, ಅದೇ ಕಂತಿನಲ್ಲಿ, ಮಹಡಿಯ ಮೇಲೆ ಕಟ್ಟಿಹಾಕಿದ ಅಪಹರಣಕಾರನನ್ನು ಮ್ಯಾಟ್ ಚಿತ್ರಹಿಂಸೆಗೆ ಗುರಿಮಾಡುತ್ತಾನೆ. ಎಲ್ಲಿ ಚುಚ್ಚಿದರೆ ನೋವು ಹೆಚ್ಚೆಂದು ತಿಳಿಸುವವಳು, ಆತನ ಗಾಯಗಳಿಗೆ ಉಪಚಾರ ಮಾಡಿದ ದಾದಿ ಕ್ಲೇರ್! ಹೀಗೆ ಹಿಂಸಿಸುವುದು ತನಗೆ ಆನಂದ ಕೊಡುತ್ತದೆಂದೂ ಮ್ಯಾಟ್ ಹೇಳುತ್ತಾನೆ. ಬಂದಿಯು ಬಾಲಕನಿರುವ ಸ್ಥಳವನ್ನು ಹೇಳಿದ ಮೇಲೂ ಆತನನ್ನು ಮಹಡಿಯಿಂದ ಕೆಳಗೆ ತಳ್ಳಲಾಗುತ್ತದೆ. ಆತ ಸಾಯುವುದಿಲ್ಲ, ಅಷ್ಟೆ. ಪಡಸಾಲೆಯಲ್ಲಿ ಎತ್ತಿದ ಕೈ ರಕ್ಷಣೆಯದು. ಇಲ್ಲಿಯದು ಸಂಕಲ್ಪಪೂರ್ವಕ ಹಿಂಸೆ.

ಧಾರಾವಾಹಿ ಎಡವಿರುವುದು ಇಲ್ಲಿ. ನೋವು ಕೊಟ್ಟೊಡನೆ ಸತ್ಯ ಹೊರಬೀಳುತ್ತದೆ, ಮಗು ಬದುಕುತ್ತದೆ. ಹಿಂಸಿತನು ಸುಳ್ಳು ಹೇಳಬಹುದಿತ್ತು, ಏನನ್ನೂ ಅರಿಯದ ನಿರಪರಾಧಿಯೂ ಆಗಿರಬಹುದಿತ್ತು ಎಂಬ ಶಂಕೆಗೆ ಕಥೆಯು ಅವಕಾಶವನ್ನೇ ಕೊಡುವುದಿಲ್ಲ. ಹೀಗಾಗಿ ಪಾತ್ರಗಳ ಮುಖದಲ್ಲಿರುವ ಅಳುಕು ಕಥೆಯ ಹೆಣಿಗೆಯಲ್ಲಿ ಉಳಿಯುವುದಿಲ್ಲ. ಫಲ ದೊರೆತ ಮೇಲೆ ಪ್ರೇಕ್ಷಕನೂ ಕ್ರೌರ್ಯಕ್ಕೆ ತಲೆದೂಗುತ್ತಾನೆ. ನಾಯಕನು ವಕೀಲನಾದರೂ, ಮೊದಲ ಕಕ್ಷಿದಾರಳಾದ ಕರೆನ್ ಪೇಜ್‌ಳ ಪ್ರಕರಣವು ವಿಚಾರಣೆಯವರೆಗೆ ಹೋಗದೆ ಮುಷ್ಟಿಯಿಂದಲೇ ತೀರ್ಮಾನವಾಗುತ್ತದೆ.

ಕಾಮಿಕ್ಸ್ ಮೂಲದ್ದೆಂಬ ಕಾರಣಕ್ಕೆ ಇದನ್ನು ಮಕ್ಕಳ ಮುಂದಿಡುವುದು ಸಲ್ಲದು. ವಯಸ್ಕರಿಗಾದರೋ ಇದು ನೋಡಿ ಚರ್ಚಿಸಲು ಅರ್ಹವಾದ ಕೃತಿ. ಹೊಡೆತದ ಬೆಲೆಯನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸುವ ವೀರಕಥೆಗಳು ವಿರಳ. ಆದರೆ ಪ್ರಾಣವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕಸಿದುಕೊಂಡವನು ‘ನಾನು ಕೊಲ್ಲಲಿಲ್ಲ’ ಎಂದು ಸಮಾಧಾನಪಟ್ಟುಕೊಂಡರೆ, ಆ ಸಮಾಧಾನವನ್ನು ಪ್ರೇಕ್ಷಕರೂ ಹಂಚಿಕೊಳ್ಳಬೇಕೆ ಎಂಬುದನ್ನು ಪ್ರತಿ ಕುಟುಂಬವೂ ತನ್ನೊಳಗೆ ವಿಚಾರಿಸಿಕೊಳ್ಳುವುದು ಒಳಿತು.