ಮಾಸಾಶನ ಊರಿಗೆ ಬಂತು, ಅಧಿಕಾರ ತಾಲ್ಲೂಕಿನಲ್ಲೇ ಉಳಿಯಿತು

ಕರ್ನಾಟಕದ ಹಳ್ಳಿಗಳಲ್ಲಿ ಕಷ್ಟದಲ್ಲಿರುವ ಕುಟುಂಬಕ್ಕೆ ಸರ್ಕಾರದಿಂದ ಸಿಗುವ ನೆರವು ಇವತ್ತು ಕಡಿಮೆಯೇನಲ್ಲ. 65 ದಾಟಿದವರಿಗೆ ತಿಂಗಳಿಗೆ ಸಂಧ್ಯಾ ಸುರಕ್ಷಾದ 1,200 ರೂಪಾಯಿ, ಗಂಡನನ್ನು ಕಳೆದುಕೊಂಡ ಬಡ ಹೆಣ್ಣುಮಗಳಿಗೆ 800, ನಲವತ್ತು ದಾಟಿದ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ಮನಸ್ವಿನಿ, ಅಂಗವಿಕಲರಿಗೆ ವೈಕಲ್ಯದ ಪ್ರಮಾಣ ನೋಡಿ ವೇತನ. ಇವುಗಳ ಜೊತೆಗೆ ಪಡಿತರದ ಅಕ್ಕಿ ಮತ್ತು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ 2,000 ರೂಪಾಯಿ. ಇವೆಲ್ಲ ಸೇರಿ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಮಾತ್ರೆಗೂ ಎಲೆ ಅಡಿಕೆಗೂ ಮಗನ ಮುಂದೆ ಕೈಯೊಡ್ಡದೆ ಬದುಕುವ ಧೈರ್ಯ ಎಷ್ಟೋ ಅಜ್ಜಿಯರಿಗೆ ಬಂದಿದೆ. ಈ ಸಾಧನೆಯನ್ನು ಒಪ್ಪಿಕೊಳ್ಳದೆ ಬರೆಯುವ ವಿಮರ್ಶೆ ನ್ಯಾಯದ್ದಾಗುವುದಿಲ್ಲ.

ಆದರೆ ಅದೇ ಅಜ್ಜಿಯ ಮಾಸಾಶನ ಒಂದು ತಿಂಗಳು ನಿಂತರೆ ಆಕೆ ಯಾರನ್ನು ಕೇಳಬೇಕು? ಆಕೆಯ ಊರಿನಲ್ಲಿ ಚುನಾಯಿತ ಪಂಚಾಯಿತಿ ಇದೆ, ಅಧ್ಯಕ್ಷರಿದ್ದಾರೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇದ್ದಾರೆ. ಅವರಲ್ಲಿ ಯಾರ ಕೈಯಲ್ಲೂ ಇದಕ್ಕೆ ಉತ್ತರವಿಲ್ಲ. ನಮ್ಮ ಇಡೀ ನೆರವಿನ ವ್ಯವಸ್ಥೆಯ ಮೂಲ ದೋಷ ಇದೇ ಎಂಬುದು ನನ್ನ ವಾದ. ಕುಟುಂಬದ ಕಷ್ಟವನ್ನು ಹತ್ತಿರದಿಂದ ಬಲ್ಲ ಸಂಸ್ಥೆಗೆ ನಿರ್ಧರಿಸುವ ಅಧಿಕಾರವಿಲ್ಲ. ಅಧಿಕಾರವಿರುವ ಕಚೇರಿ ಆ ಕುಟುಂಬವನ್ನು ಕಾಗದದ ಮೇಲಷ್ಟೇ ಕಂಡಿರುತ್ತದೆ.

ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೇ ಅನುಸೂಚಿ ಪಂಚಾಯಿತಿಗಳಿಗಾಗಿ 29 ವಿಷಯಗಳನ್ನು ಪಟ್ಟಿ ಮಾಡಿತು. ಬಡತನ ನಿವಾರಣೆ, ಸಮಾಜ ಕಲ್ಯಾಣ, ದುರ್ಬಲ ವರ್ಗಗಳ ಕಲ್ಯಾಣ, ಪಡಿತರ ವ್ಯವಸ್ಥೆ ಎಲ್ಲವೂ ಅದರಲ್ಲಿವೆ. ಕರ್ನಾಟಕ ಅದಕ್ಕೂ ಮೊದಲೇ ದಾರಿ ತೋರಿಸಿದ ರಾಜ್ಯ. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಛಲದಿಂದ ಬಂದ 1983ರ ಕಾಯ್ದೆ, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆಗಳು ದೇಶವೇ ನೋಡಿ ಕಲಿತ ಪ್ರಯೋಗಗಳು. ಇಂಥ ನಾಡಿನಲ್ಲಿ ಮಾಸಾಶನ ಇಂದಿಗೂ ಕಂದಾಯ ಇಲಾಖೆಯ ಸ್ವತ್ತು. ಅರ್ಜಿ ನಾಡಕಚೇರಿಗೆ ಹೋಗಬೇಕು, ಗ್ರಾಮ ಆಡಳಿತಾಧಿಕಾರಿ ವರದಿ ಕೊಡಬೇಕು, ಕಂದಾಯ ನಿರೀಕ್ಷಕರು ನೋಡಬೇಕು, ತಹಶೀಲ್ದಾರರ ಕಚೇರಿಯಿಂದ ಮಂಜೂರಾತಿ ಬರಬೇಕು. ಈ ಸಾಲಿನಲ್ಲಿ ಊರು ಆರಿಸಿದ ಒಬ್ಬರ ಸಹಿಗೂ ಜಾಗವಿಲ್ಲ.

ಇದರ ಪರಿಣಾಮವನ್ನು ಒಂದು ಅರ್ಜಿಯ ಮಟ್ಟದಲ್ಲಿ ನೋಡೋಣ. ಗಂಡ ತೀರಿಕೊಂಡ ಹೆಣ್ಣುಮಗಳು ವಿಧವಾ ವೇತನಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಮರಣ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಎಲ್ಲ ಹಿಡಿದು ಹೋಗುತ್ತಾಳೆ. ಆಧಾರ್‌ನಲ್ಲಿ ಅವಳು ಲಕ್ಷ್ಮವ್ವ, ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮೀಬಾಯಿ. ಮೂವರೂ ಒಬ್ಬಳೇ ಎಂದು ಓಣಿಯ ಮಕ್ಕಳಿಗೂ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆಧಾರ್ ತಿದ್ದಿಸಲು ಒಂದು ದಿನದ ಕೂಲಿ ಹೋಯಿತು. ಅಲ್ಲಿ ಹೆಬ್ಬೆಟ್ಟು ಹತ್ತದಿದ್ದರೆ ಇನ್ನೊಂದು ದಿನದ್ದು. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಯನ್ನು ಯಂತ್ರ ಸುಲಭಕ್ಕೆ ಗುರುತಿಸುವುದಿಲ್ಲ. ಅಂತೂ ಮಂಜೂರಾತಿ ಬಂದು, ನಾಲ್ಕಾರು ತಿಂಗಳು ಹಣ ಜಮಾ ಆಗಿ, ಒಂದು ದಿನ ನಿಂತುಹೋಗುತ್ತದೆ. ನಾಡಕಚೇರಿಯಲ್ಲಿ "ನಿನ್ನ ಖಾತೆಗೆ ಆಧಾರ್ ಮ್ಯಾಪಿಂಗ್ ಆಗಿಲ್ಲಮ್ಮ, ಬ್ಯಾಂಕಿಗೆ ಹೋಗು" ಎನ್ನುತ್ತಾರೆ. ಬ್ಯಾಂಕಿನಲ್ಲಿ "ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ, ನಾಡಕಚೇರಿಯಲ್ಲೇ ಕೇಳಿ" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರವರ ಪರದೆಯ ಮೇಲೆ ಕಂಡದ್ದನ್ನು ಅವರು ಹೇಳುತ್ತಾರೆ. ಎರಡೂ ಪರದೆಗಳನ್ನು ಒಟ್ಟಿಗೆ ನೋಡಿ ಉತ್ತರ ಹೇಳಬೇಕಾದ ಹೊಣೆ ಮಾತ್ರ ಯಾರದೂ ಅಲ್ಲ.

ಅಂಚೆಯಣ್ಣ ಮನಿಯಾರ್ಡರ್ ತರುತ್ತಿದ್ದ ಕಾಲದಲ್ಲಿ ಹತ್ತಿಪ್ಪತ್ತು ರೂಪಾಯಿ ಅಲ್ಲಲ್ಲಿ ಮುರಿದುಕೊಳ್ಳಲಾಗುತ್ತಿತ್ತು. ನೇರ ಜಮೆ ಆ ಕಾಟವನ್ನು ಬಹುಪಾಲು ತಪ್ಪಿಸಿತು, ಅದು ಸಣ್ಣ ಲಾಭವಲ್ಲ. ಆದರೆ ಕದಿಯುವ ಕೈಯನ್ನು ದೂರವಿಡುವ ಭರದಲ್ಲಿ, ನಿಂತು ಮಾತಾಡಿಸುವ ಮನುಷ್ಯನನ್ನೂ ದೂರವಿಟ್ಟೆವು.

ಇನ್ನು ಅರ್ಹತೆಯ ಲೆಕ್ಕ. ಮಾಸಾಶನಕ್ಕೆ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ದಿನಕ್ಕೆ ಹೆಚ್ಚುಕಡಿಮೆ 88 ರೂಪಾಯಿ. ಬಿಪಿಎಲ್ ಚೀಟಿಗೆ ಇದೇ ಸರ್ಕಾರ ಇಟ್ಟುಕೊಂಡಿರುವ ಮಿತಿ 1,20,000. ಉದ್ಯೋಗ ಖಾತರಿಯಲ್ಲಿ 2025–26ಕ್ಕೆ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370. ಆ ದರದಲ್ಲಿ ನೂರು ದಿನ ದುಡಿದ ಕುಟುಂಬಕ್ಕೆ 37,000 ಬರುತ್ತದೆ. ಬಡವರೆಂದು ಸರ್ಕಾರವೇ ಕೊಟ್ಟ ಕೂಲಿಯನ್ನು ಪೂರ್ತಿ ದುಡಿದರೆ, ಅದೇ ಸರ್ಕಾರದ ಮಾಸಾಶನಕ್ಕೆ ಆ ಮನೆ ಅನರ್ಹ. ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಊರಲ್ಲಿ ಯಾರಿಗೂ ಮಾಸಾಶನ ಸಿಗದು. ಆದ್ದರಿಂದ ಗ್ರಾಮ ಆಡಳಿತಾಧಿಕಾರಿ ಕನಿಕರದಿಂದಲೋ ಒತ್ತಡದಿಂದಲೋ ಕಡಿಮೆ ಆದಾಯ ಬರೆಯುತ್ತಾರೆ. ಹೀಗೆ ಬಡವರ ಹಕ್ಕು ಒಂದು ಸುಳ್ಳು ಕಾಗದದ ಮೇಲೆ ನಿಲ್ಲುತ್ತದೆ. ನಾಳೆ ಸರ್ಕಾರ ಅನರ್ಹರ ಪತ್ತೆಗೆ ಹೊರಟರೆ ಮೊದಲು ಬೀಳುವುದು ಇದೇ ಲಕ್ಷ್ಮವ್ವನ ಹೆಸರು. ಆ ಸುಳ್ಳನ್ನು ಬರೆಯಿಸಿದ್ದು ಅವಳಲ್ಲ, ಅವಾಸ್ತವ ಮಿತಿ.

ಮೊತ್ತಗಳಲ್ಲೂ ಹೊಂದಾಣಿಕೆಯಿಲ್ಲ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಕುಟುಂಬಗಳನ್ನು ಬಿಟ್ಟು ಉಳಿದ ಮನೆಗಳ ಯಜಮಾನಿಗೆ ಗೃಹಲಕ್ಷ್ಮಿಯ 2,000. ಅತ್ತೆ ಯಜಮಾನಿಯಾಗಿರುವ ಚೀಟಿಯಲ್ಲಿ ಹೆಸರಿರುವ, ಎರಡು ಮಕ್ಕಳ ವಿಧವೆ ಸೊಸೆಗೆ 800. ಈ 800 ಕೂಡ 2021ರ ಜುಲೈನಲ್ಲಿ 600ರಿಂದ ಏರಿಸಿದ್ದು. ಕೇಂದ್ರದ ಪಾಲನ್ನು ನೋಡಿದರೆ ಇನ್ನೂ ಬೇಸರವಾಗುತ್ತದೆ. 60ರಿಂದ 79 ವಯಸ್ಸಿನ ವೃದ್ಧರಿಗೆ ದೆಹಲಿ ಕೊಡುವ 200 ರೂಪಾಯಿ 2007ರಿಂದ ಅಲುಗಾಡಿಲ್ಲ. ದುಡಿಯುವ ಕೈ ಸತ್ತಾಗ ಬಡ ಕುಟುಂಬಕ್ಕೆ ಒಮ್ಮೆ ಸಿಗಬೇಕಾದ 20,000 ರೂಪಾಯಿಯ ರಾಷ್ಟ್ರೀಯ ಕುಟುಂಬ ನೆರವು ಯೋಜನೆ ಇದೆ. ಸಾವಿನ ಮನೆಗೆ ಹೋಗಿ ಅದನ್ನು ತಿಳಿಸುವುದು ಯಾರ ಕೆಲಸವೂ ಅಲ್ಲದ ಕಾರಣ, ಅದು ಬಲ್ಲವರ ಪಾಲಾಗಿದೆ.

ಒಳ್ಳೆಯ ಪ್ರಯತ್ನಗಳೂ ನಡೆದಿವೆ. 2021ರಲ್ಲಿ ಆರಂಭವಾದ 'ಮನೆ ಬಾಗಿಲಿಗೆ ಮಾಸಾಶನ' ಅಭಿಯಾನ, ಅರವತ್ತು ತುಂಬಿದವರನ್ನು ಸರ್ಕಾರದ ಬಳಿಯೇ ಇರುವ ಮಾಹಿತಿಯಿಂದ ಗುರುತಿಸಿ, ಅರ್ಜಿಗೆ ಕಾಯದೆ ಮಂಜೂರು ಮಾಡುವ ದಾರಿ ಹಿಡಿಯಿತು. ಅರ್ಜಿ ಹಿಡಿದು ನಿಲ್ಲುವ ಹೊರೆಯನ್ನು ಬಡವರಿಂದ ಸರ್ಕಾರದ ಮೇಲೆ ವರ್ಗಾಯಿಸಿದ ಈ ಆಲೋಚನೆ ನಿಜಕ್ಕೂ ದೊಡ್ಡದು. ವಯಸ್ಸಿನಂತೆಯೇ ಸಾವೂ ದಾಖಲೆಯಲ್ಲಿರುತ್ತದೆ. ಗಂಡನ ಸಾವು ನೋಂದಣಿಯಾದ ದಿನವೇ ಹೆಂಡತಿಯ ವಿಧವಾ ವೇತನದ ಕಡತ ತಾನಾಗಿ ತೆರೆದುಕೊಳ್ಳಬೇಕು. ಪಂಚಾಯಿತಿಗೆ ಕೆಲಸ ವಹಿಸಿದರೆ ಅದು ಮಾಡುತ್ತದೆ ಎಂಬುದಕ್ಕೂ ಸಾಕ್ಷಿಗಳಿವೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023–24ರ ಬಜೆಟ್‌ನಲ್ಲಿ ನಾಲ್ಕು ಸಾವಿರ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ'ಗಳಿಗೆ ಜಾಗ ಹುಡುಕಿದ್ದು, ಊರಿನ ಹೆಣ್ಣುಮಕ್ಕಳನ್ನೇ ಆರೈಕೆಗೆ ಗೊತ್ತುಮಾಡಿದ್ದು ಪಂಚಾಯಿತಿಗಳೇ.

ಇಲ್ಲಿ ಎದುರಾಗುವ ಆಕ್ಷೇಪ ಹಗುರವಾದದ್ದಲ್ಲ. ಪಂಚಾಯಿತಿಗೆ ಅಧಿಕಾರ ಕೊಟ್ಟರೆ ಜಾತಿ, ಪಕ್ಷ, ಓಟಿನ ಲೆಕ್ಕ ನುಗ್ಗುವುದಿಲ್ಲವೇ? ನುಗ್ಗುತ್ತದೆ. ಗ್ರಾಮಸಭೆಯಲ್ಲಿ ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸುವಾಗ ಸದಸ್ಯರ ಹಿಂಬಾಲಕರಿಗೆ ಮನೆ ಹೋದದ್ದು, ಕೇರಿಯ ಹೆಸರುಗಳು ಪಟ್ಟಿಯ ತಳ ಸೇರಿದ್ದು ಎಲ್ಲರಿಗೂ ತಿಳಿದದ್ದೇ. ಆದರೂ ಒಂದು ವ್ಯತ್ಯಾಸವಿದೆ. ಗ್ರಾಮಸಭೆಯಲ್ಲಿ ಪಟ್ಟಿ ಓದಿದಾಗ ಎದ್ದುನಿಂತು "ಅವನಿಗೆ ಎರಡಂತಸ್ತಿನ ಮನೆಯಿದೆ, ಇವಳ ಗೋಡೆ ಬಿದ್ದಿದೆ" ಎಂದು ಕೂಗಲು ಅವಕಾಶವಿದೆ. ಐದು ವರ್ಷಕ್ಕೊಮ್ಮೆ ಸೋಲಿಸಲೂಬಹುದು. ತಾಲ್ಲೂಕು ಕಚೇರಿಯ ತಂತ್ರಾಂಶ ತಿರಸ್ಕರಿಸಿದ ಅರ್ಜಿಯ ಮುಂದೆ ಕೂಗಲೂ ಆಗದು, ಅದನ್ನು ಸೋಲಿಸಲೂ ಆಗದು. ಪಕ್ಷಪಾತಕ್ಕೆ ಮದ್ದು ಬೆಳಕು. ಸಭೆಯನ್ನು ಊರ ಗುಡಿಯ ಕಟ್ಟೆಯಲ್ಲಿ ನಡೆಸಿ ಕೇರಿಯವರು ಬರಲಿಲ್ಲ ಎನ್ನುವುದು ಬಿಟ್ಟು, ಮಾಸಾಶನದ ಪಟ್ಟಿಗೆ ವಾರ್ಡ್ ಸಭೆಯನ್ನು ಕೇರಿಯಲ್ಲೇ ಕರೆಯಬೇಕು. ನಮ್ಮ ಪಂಚಾಯಿತಿ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ವಿಧವೆಯ ಕಷ್ಟವನ್ನು ಸಭೆಯ ಮುಂದಿಡುವ ಕೆಲಸ ಅವರಿಂದ ಆಗಬೇಕು.

ಪಕ್ಕದ ಕೇರಳ ಈ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. ಅಲ್ಲಿ ಮಾಸಾಶನದ ಅರ್ಜಿ ಸ್ವೀಕರಿಸಿ ತೀರ್ಮಾನಿಸುವುದು ಸ್ಥಳೀಯ ಸಂಸ್ಥೆ. 1998ರಿಂದ ಬೆಳೆದ ಕುಟುಂಬಶ್ರೀಯ ಮಹಿಳಾ ಜಾಲ ಮನೆಮನೆಯ ಸ್ಥಿತಿ ಬಲ್ಲದು. 2021ರಲ್ಲಿ ಶುರುವಾದ ಕಡುಬಡತನ ನಿರ್ಮೂಲನ ಯೋಜನೆ ಸ್ಥಳೀಯ ಸಂಸ್ಥೆಗಳ ಮೂಲಕ 64,006 ಕುಟುಂಬಗಳನ್ನು ಗುರುತಿಸಿ, ಪ್ರತಿ ಕುಟುಂಬಕ್ಕೂ ಬೇರೆ ಬೇರೆ ಕಿರುಯೋಜನೆ ಬರೆಯಿತು. ಒಂದು ಮನೆಗೆ ಔಷಧ, ಇನ್ನೊಂದಕ್ಕೆ ಸೂರು, ಮತ್ತೊಂದಕ್ಕೆ ಪಡಿತರ ಚೀಟಿ. 2025ರ ನವೆಂಬರ್ 1ರಂದು ರಾಜ್ಯ ತನ್ನನ್ನು ಕಡುಬಡತನ ಮುಕ್ತ ಎಂದು ಘೋಷಿಸಿಕೊಂಡಾಗ ಅರ್ಥಶಾಸ್ತ್ರಜ್ಞರು ಮಾನದಂಡಗಳನ್ನು ಪ್ರಶ್ನಿಸಿದರು. ಪ್ರಶ್ನಿಸಬೇಕಾದದ್ದೇ. ಅದಕ್ಕೂ ಹಿಂದೆ, 2023–24ರಲ್ಲಿ, ಖಜಾನೆ ಬರಿದಾಗಿ ಕೇರಳದ ಮಾಸಾಶನಗಳು ತಿಂಗಳುಗಟ್ಟಲೆ ಬಾಕಿ ಉಳಿದಿದ್ದವು. ಅಧಿಕಾರ ಕೆಳಗಿಳಿದರಷ್ಟೇ ಸಾಲದು, ಹಣವೂ ಹೊತ್ತಿಗೆ ಇಳಿಯಬೇಕು ಎಂಬುದು ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠ. ಆದರೆ ಕುಟುಂಬವೊಂದಕ್ಕೆ ಏನು ಬೇಕು ಎಂದು ಕೇಳಿ, ಆಮೇಲೆ ನೆರವು ನಿರ್ಧರಿಸುವ ಆ ಕ್ರಮ ನಮ್ಮಲ್ಲಿಲ್ಲ. ನಾವು ಯೋಜನೆ ಮೊದಲು ಮಾಡಿ, ಅದಕ್ಕೆ ತಕ್ಕ ಕುಟುಂಬವನ್ನು ಆಮೇಲೆ ಹುಡುಕುತ್ತೇವೆ.

ಕರ್ನಾಟಕದ ಸುಮಾರು ಆರು ಸಾವಿರ ಪಂಚಾಯಿತಿಗಳಿಗೆ ಈ ಕೆಲಸ ಹೊಸದಾಗಿ ಕಲಿಸಬೇಕಾಗಿಲ್ಲ. ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿಗಳಲ್ಲಿ ಈಗಾಗಲೇ ಇದ್ದಾರೆ. ಅಲ್ಪ ಗೌರವಧನದಲ್ಲಿ ಮನೆಮನೆ ಸುತ್ತಿ ಅರ್ಜಿ ಬರೆಸುವವರು ಇವರು. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ, ಶೇ 25ರಷ್ಟನ್ನು ಪರಿಶಿಷ್ಟರಿಗೆ ಖರ್ಚು ಮಾಡಬೇಕೆಂಬ ನಿಯಮವೂ ಇದೆ. ವರಮಾನವೇ ಇಲ್ಲದ ಪಂಚಾಯಿತಿಯಲ್ಲಿ ಆ ಪಾಲು ಒಂದೆರಡು ಸಾಧನ ಸಲಕರಣೆಗೂ ಸಾಲದು ಎಂಬುದು ಬೇರೆ ಮಾತು. ಅಡಿಪಾಯ ಇದೆ, ಮೇಲೆ ಕಟ್ಟುವ ಮನಸ್ಸು ಬೇಕು.

ಹಾಗೆ ಕಟ್ಟಲು ಹೊಸ ಗ್ಯಾರಂಟಿ ಬೇಕಿಲ್ಲ. ಮಾಸಾಶನದ ಆದಾಯ ಮಿತಿಯನ್ನು ಬಿಪಿಎಲ್ ಮಿತಿಗೆ ಸಮ ಮಾಡಲಿ. ಹೆಸರು, ವಯಸ್ಸು, ವಾಸದ ಬಗ್ಗೆ ದಾಖಲೆಗಳು ತಾಳೆಯಾಗದಿದ್ದಾಗ ವಾರ್ಡ್ ಸಭೆಯ ಠರಾವನ್ನೇ ಸಾಕ್ಷಿಯೆಂದು ಒಪ್ಪಲಿ. ಯಾರ ಮಾಸಾಶನವನ್ನೇ ಆಗಲಿ ನಿಲ್ಲಿಸುವ ಮೊದಲು ಕಾರಣವನ್ನು ಬರವಣಿಗೆಯಲ್ಲಿ ಪಂಚಾಯಿತಿಗೂ ಅವರ ಮನೆಗೂ ತಿಳಿಸುವುದು ಕಡ್ಡಾಯವಾಗಲಿ. ವಿಚಾರಣೆಯಾಗುವವರೆಗೆ ಹಣ ಬರುತ್ತಿರಲಿ. ನಿಂತ ಮಾಸಾಶನಗಳ ಪಟ್ಟಿ ಪ್ರತಿ ತಿಂಗಳೂ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕಾಣಲಿ, ಅದಕ್ಕೆ ಉತ್ತರ ಹೇಳುವ ಹೊಣೆ ಪಿಡಿಒ ಅವರದಾಗಲಿ, ಉತ್ತರ ಪಡೆಯುವ ಅಧಿಕಾರವೂ ಅವರಿಗಿರಲಿ.

ಇವುಗಳಲ್ಲಿ ಹೆಚ್ಚಿನವು ಸರ್ಕಾರಿ ಆದೇಶದಿಂದ ಆಗುವಂಥವು. ಸಾವಿರಾರು ಕೋಟಿ ಹಂಚುವ ಧಾರಾಳತನ ತೋರಿದ ಸರ್ಕಾರಗಳು ಅಧಿಕಾರ ಹಂಚುವಲ್ಲಿ ಕೈ ಬಿಗಿ ಹಿಡಿದಿವೆ. ನೆರವನ್ನು ಮೇಲಿನಿಂದ ಬಂದ ಕೊಡುಗೆಯೆಂದು ತೋರಿಸಿಕೊಳ್ಳುವ ಆಸೆ ಎಲ್ಲ ಪಕ್ಷಗಳಿಗೂ ಇದೆ. ಬಡ ಕುಟುಂಬಕ್ಕೆ ಬೇಕಾಗಿರುವುದು, ನಿಂತರೆ ತನ್ನೂರಿನಲ್ಲೇ ಕೇಳಿ ಪಡೆಯಬಹುದಾದ ಹಕ್ಕು. ಅಷ್ಟಾಗುವವರೆಗೆ ನಮ್ಮ ನೆರವಿನ ಯೋಜನೆಗಳು ಎಷ್ಟೇ ದೊಡ್ಡವಾದರೂ ಅರ್ಧ ಮಾತ್ರ ಯಶಸ್ವಿ.