ಕಾಯಿಲೆ ಕಾಯುವುದಿಲ್ಲ

ಉದ್ಯಾವರದ ಮನೆಯ ಚಾವಡಿಯಲ್ಲಿ ಕೂತು, 68 ದಾಟಿದ ದೊಡ್ಡಮ್ಮನಿಗೆ ಆರೋಗ್ಯ ವಿಮೆಯ ಪಾಲಿಸಿ ಓದಿ ಹೇಳುತ್ತಿದ್ದೆ. ಮುಂಬೈಯ ಮಗನ ಕಂಪೆನಿ ಕೊಟ್ಟಿದ್ದ ವಿಮೆಯಲ್ಲಿ ಅವರ ಹೆಸರೂ ಇತ್ತು. ಮಗ ಕೆಲಸ ಬಿಟ್ಟ, ವಿಮೆಯೂ ಹೋಯಿತು. ಹೊಸ ಪಾಲಿಸಿಯಲ್ಲಿ ಶುಗರಿನ ತೊಂದರೆಗಳಿಗೆ 36 ತಿಂಗಳು ಕಾಯಬೇಕು ಎಂಬ ಸಾಲು ಬಂದಾಗ ಕೇಳಿದರು: “ಅಷ್ಟು ಸಮಯ ಕಾಯಿಲೆ ಕಾಯ್ತದಾ ಮಗಾ?”

ವಿಮೆಯ ನಿಯಮಗಳನ್ನು ಒರೆಗೆ ಹಚ್ಚಲು ಈ ಪ್ರಶ್ನೆ ಸಾಕು.

ಸುಧಾರಣೆ ಆಗಿಲ್ಲವೆಂದಲ್ಲ. 65 ದಾಟಿದವರಿಗೂ ಹೊಸ ಪಾಲಿಸಿ ಸಿಗಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಯಮ ತಂದಿತು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಗರಿಷ್ಠ ಅವಧಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ. 18 ಜಿಎಸ್‌ಟಿಯೂ ಹೋಯಿತು. ಇವು ನಿಜವಾದ ಉಪಕಾರಗಳು.

ಆದರೆ ನಲವತ್ತರ ಪ್ರಾಯದಲ್ಲಿ ಸುಮ್ಮನೆ ಕಳೆದುಹೋಗುವ ಮೂರು ವರ್ಷ, ಎಪ್ಪತ್ತರ ಹೊಸ್ತಿಲಲ್ಲಿ ಆಯುಷ್ಯದ ದೊಡ್ಡ ಪಾಲು. ಕಂತು ಮೊದಲ ದಿನದಿಂದಲೇ ಕಟ್ಟಬೇಕು; ಆಸ್ಪತ್ರೆ ಸೇರಿಸಬಹುದಾದ ಕಾಯಿಲೆ ಮಾತ್ರ ಹೊರಗೆ. ಹಿರಿಯರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರವನ್ನು ಮೊದಲೇ ಕೇಳಬೇಕೆಂಬ ಆದೇಶ 2025ರ ಜನವರಿಯಲ್ಲಿ ಬಂತು. ಆ ಮಿತಿಯೊಳಗೇ ಏರಿದರೂ 30,000 ರೂಪಾಯಿ ಕಂತು ಐದು ವರ್ಷದಲ್ಲಿ 48,000 ದಾಟುತ್ತದೆ. ಬಡ್ಡಿ ಹಣದಲ್ಲಿ ಬದುಕುವವರ ಆದಾಯ ಹಾಗೆ ಏರುವುದಿಲ್ಲ.

ಸರಕಾರದ ಕಡೆ ನೋಡಿದರೆ, 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆ 70 ತುಂಬಿದ ಎಲ್ಲರಿಗೂ ವಿಸ್ತರಿಸಿತು. ಅದರಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ. ಕಾಯಿಸದೆಯೂ ಯೋಜನೆ ರೂಪಿಸಬಹುದು ಎಂಬುದಕ್ಕೆ ಅದೇ ಸಾಕ್ಷಿ. ದೊಡ್ಡಮ್ಮನಿಗೆ ಮಾತ್ರ ಆ ಪ್ರಾಯ ಇನ್ನೂ ಆಗಿಲ್ಲ. ಅವರಂಥ ಎಪಿಎಲ್ (ಬಡತನ ರೇಖೆಗಿಂತ ಮೇಲಿನ) ಕುಟುಂಬಕ್ಕೆ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಕೊಡುವುದು ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ.

ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ. ಕಂಪೆನಿಯ ಗುಂಪು ವಿಮೆಯಿಂದ ಹೊರಬೀಳುವಾಗ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶ ನಿಯಮದಲ್ಲೇ ಇದೆ. ಅಷ್ಟರವರೆಗೆ ಕಾದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಅದನ್ನು ನಮಗೆ ಯಾರೂ ಹೇಳಲಿಲ್ಲ. ಗೊತ್ತಾಗುವಾಗ ಹೊತ್ತು ಮೀರಿತ್ತು.

ಜನರ ಬಳಿಗೇ ಹೋಗುವುದು ನಮ್ಮೂರಿಗೆ ಹೊಸತಲ್ಲ: 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ಹುಟ್ಟಿದ್ದು ನಮ್ಮ ಉಡುಪಿಯ ಬ್ಯಾಂಕಿನಲ್ಲಿ. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಏಜೆಂಟರು ಬರುತ್ತಿದ್ದರು. ಸಾವಿರಾರು ರೂಪಾಯಿ ಕಂತು ಪಡೆಯುವವರು, ವಿಮೆ ಮುಗಿಯುವ ಮೊದಲು ಹಿರಿಯರಿಗೆ ಕನ್ನಡದಲ್ಲಿ ಒಂದು ಪತ್ರವನ್ನಾದರೂ ಕಳುಹಿಸಲಿ. ತಿಳಿಸದೆ ಉಳಿದ ಆಯ್ಕೆ ಆಯ್ಕೆಯೇ ಅಲ್ಲ.